ಕಿರಾಣಿ ಅಂಗಡಿಯ ಮದ್ಯ ಮತ್ತು ಜಿಲ್ಲಾಧಿಕಾರಿ ಕಚೇರಿಯ ಕಡತ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಊರಿನ ಎರಡು ಕಿರಾಣಿ ಅಂಗಡಿಗಳಲ್ಲಿ ಮೂರು ವರ್ಷದಿಂದ ತೊಂಬತ್ತರ (90 ಮಿಲಿ ಮದ್ಯದ) ಪ್ಯಾಕೆಟ್ ಮಾರುತ್ತಿದ್ದಾರೆ. ಬೆಳಿಗ್ಗೆ ಆರಕ್ಕೇ ಸಿಗುತ್ತದೆ. ಈಗ ಕೆಲವರು ಊರಿಗೆ ಎಂಎಸ್‌ಐಎಲ್ ಎಂಬ ಸರ್ಕಾರಿ ಕಂಪನಿಯ ಮದ್ಯದ ಮಳಿಗೆ ತರಿಸೋಣ, ಆಗ ಕಳ್ಳ ಮಾರಾಟ ತಾನಾಗಿ ನಿಲ್ಲುತ್ತದೆ ಅನ್ನುತ್ತಿದ್ದಾರೆ. ಒಬ್ಬ ಅಂಗಡಿಯವರು ತಮಗೇ ಲೈಸೆನ್ಸ್ ಸಿಗುತ್ತದೆ ಅಂತ ಹೇಳಿಕೊಂಡು ಓಡಾಡುತ್ತಿದ್ದಾರೆ. ಮಳಿಗೆಗೆ ನೋಡಿರುವ ಕಟ್ಟಡದ ಹತ್ತಿರವೇ ಸರ್ಕಾರಿ ಶಾಲೆ ಇದೆ. ನಮ್ಮ ಸ್ವಸಹಾಯ ಸಂಘದವರು ಗ್ರಾಮ ಸಭೆಯಲ್ಲಿ ಠರಾವು ಮಾಡಿಸಿದರೆ ಇದನ್ನು ತಡೆಯಬಹುದೇ? ಅಂಗಡಿಗಳಲ್ಲಿ ಒಂದನ್ನು ನಡೆಸುವವರು ಗಂಡ ಇಲ್ಲದ ಹೆಂಗಸು. (ಹೆಸರು ಬೇಡ ಎಂದಿದ್ದಾರೆ)

ಉತ್ತರ: ಅಕ್ಕ, ನಿಮ್ಮ ಕಾಗದದಲ್ಲಿ ಮೂರು ಬೇರೆ ಬೇರೆ ವಿಷಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಕಿರಾಣಿ ಅಂಗಡಿಯ ಕಳ್ಳ ಮಾರಾಟ ಒಂದು, ಬರಲಿದೆ ಎನ್ನುವ ಎಂಎಸ್‌ಐಎಲ್ ಮಳಿಗೆ ಇನ್ನೊಂದು, ಠರಾವಿನ ಬಲ ಮತ್ತೊಂದು. ಹಳ್ಳಿಗಳಲ್ಲಿ ಇವು ಮೂರನ್ನೂ ಬೇಕೆಂತಲೇ ಕಲಸಿ ಹೇಳುತ್ತಾರೆ. ಹಾಗೆ ಕಲಸಿದರೆ, ಪರವಾನಗಿ ಬೇಡ ಅನ್ನುವವರು ಕಳ್ಳ ಮಾರಾಟದ ಪರ ಇದ್ದಾರೆ ಎಂದು ತೋರಿಸುವುದು ಸುಲಭ. ಅದಕ್ಕೇ ಬಿಡಿಸಿ ಹೇಳುತ್ತೇನೆ.

ಮೊದಲು ಆ ಅಂಗಡಿಯವರ ಮಾತು. ದಿನಸಿ ಅಂಗಡಿಗೆ ಮದ್ಯದ ಲೈಸೆನ್ಸ್ ಸಿಗುತ್ತದೆ ಅನ್ನುವುದನ್ನು ನಂಬಬೇಡಿ. ನಮ್ಮ ರಾಜ್ಯದಲ್ಲಿ ಮದ್ಯದ ವಹಿವಾಟು ನಡೆಯುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಅಡಿಯಲ್ಲಿ. ಯಾವ ಬಗೆಯ ಅಂಗಡಿಗೆ ಯಾವ ಪರವಾನಗಿ ಎನ್ನುವುದು 1968ರ ನಿಯಮಗಳಲ್ಲಿದೆ. ಬಾಟಲಿ ಕೊಂಡು ಮನೆಗೆ ಒಯ್ಯುವ ವೈನ್‌ಶಾಪಿಗೆ ಸಿಎಲ್-2, ಕೂತು ಕುಡಿಯುವ ಬಾರಿಗೆ ಸಿಎಲ್-9, ವಸತಿಗೃಹಕ್ಕೆ ಸಿಎಲ್-7, ಕ್ಲಬ್ಬಿಗೆ ಸಿಎಲ್-4, ಎಂಎಸ್‌ಐಎಲ್‌ನಂಥ ಸರ್ಕಾರಿ ಕಂಪನಿಯ ಮಳಿಗೆಗೆ ಸಿಎಲ್-11ಸಿ. ಅಕ್ಕಿ ಬೇಳೆ ಮಾರುವ ಅಂಗಡಿಯ ಗಲ್ಲಾದ ಕೆಳಗೆ ಪ್ಯಾಕೆಟ್ ಇಟ್ಟುಕೊಳ್ಳಲು ಇದರಲ್ಲಿ ಎಲ್ಲೂ ಜಾಗವಿಲ್ಲ. ಸಾಲದ್ದಕ್ಕೆ ಹೊಸ ಸಿಎಲ್-2, ಸಿಎಲ್-9 ಕೊಡುವುದನ್ನು ಸರ್ಕಾರ 1992ರಿಂದ ನಿಲ್ಲಿಸಿತ್ತು. ಹಳೆಯವೇ ಕೈ ಬದಲಾಗುತ್ತಿದ್ದವು, ಜಾಗ ಬದಲಾಗುತ್ತಿದ್ದವು. ಪರವಾನಗಿಗಳನ್ನು ಹರಾಜು ಹಾಕುವ ಮಾತನ್ನು 2025ರ ಬಜೆಟ್ಟಿನಲ್ಲಿ ಆಡಿದ್ದಾರೆ. ಆದರೆ ಹರಾಜಿನಲ್ಲಿ ಕೂಗುವವರು ನಿಮ್ಮೂರಿನ ಕಿರಾಣಿಯವರಲ್ಲ.

ಗೋವಾಕ್ಕೆ ಹೋಗಿ ಬಂದವರು ಅಲ್ಲಿ ಸೋಪಿನ ಪಕ್ಕ ಬಾಟಲಿ ಇಟ್ಟಿದ್ದನ್ನು ನೋಡಿ ಬಂದು ನಮ್ಮಲ್ಲೂ ಹಾಗೇ ಆಗುತ್ತದೆ ಎನ್ನುತ್ತಾರೆ. ಮದ್ಯ ಸಂವಿಧಾನದ ರಾಜ್ಯ ಪಟ್ಟಿಯಲ್ಲಿರುವ ವಿಷಯ. ಗೋವಾದ ಪದ್ಧತಿ ಗೋವಾದ್ದು. ಮಹಾರಾಷ್ಟ್ರ 2022ರ ಜನವರಿಯಲ್ಲಿ ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ವೈನ್ ಮಾರಲು ಬಿಡುತ್ತೇವೆಂದು ತೀರ್ಮಾನಿಸಿದಾಗ ಅಲ್ಲಿ ಎದ್ದ ವಿರೋಧ ಸಣ್ಣದಲ್ಲ. ಅದೂ ನೂರು ಚದರ ಮೀಟರಿಗಿಂತ ಚಿಕ್ಕ ಅಂಗಡಿಗೆ ಇರಲಿಲ್ಲ. ಇನ್ನು ಮದ್ಯ ಮಾರುವುದು ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ಸುಪ್ರೀಂ ಕೋರ್ಟ್ ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲೇ ಹೇಳಿದೆ. "ನಾನೂ ಬದುಕಬೇಕಲ್ಲ, ನಂಗೂ ಕೊಡಲಿ" ಎನ್ನುವ ವಾದಕ್ಕೆ ಕಾನೂನಿನಲ್ಲಿ ಕಾಲಿಲ್ಲ.

ಈಗ ಎಂಎಸ್‌ಐಎಲ್ ಬಂದರೆ ಕಳ್ಳ ಮಾರಾಟ ನಿಲ್ಲುತ್ತದೆ ಎನ್ನುವ ಮಾತಿಗೆ ಬರುತ್ತೇನೆ. ಈ ವಾದವನ್ನು ನಾನು ಗ್ರಾಮ ಸಭೆಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರಲ್ಲಿ ಪ್ರಾಮಾಣಿಕರೂ ಇರುತ್ತಾರೆ. ಆದರೆ ಕಿರಾಣಿ ಅಂಗಡಿ ನಿಜವಾಗಿ ಏನನ್ನು ಮಾರುತ್ತಿದೆ ಎಂದು ಅವರು ಯೋಚಿಸಿರುವುದಿಲ್ಲ.

ಕೆಲವು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯ ಒಬ್ಬ ಹೆಣ್ಣುಮಗಳು ನನ್ನ ಕಚೇರಿಗೆ ಅಂಗಡಿಯ ಸಾಲದ ಪುಸ್ತಕ ಹಿಡಿದುಕೊಂಡು ಬಂದಿದ್ದರು. ಗಂಡ ಅಡಿಕೆ ಕೊನೆ ತೆಗೆಯುವ ಕೆಲಸಕ್ಕೆ ಹೋಗುವವರು. ಪುಸ್ತಕದಲ್ಲಿ ಅಕ್ಕಿ, ಬೆಲ್ಲ, ಒಣಮೀನು, ಸೀಮೆಸುಣ್ಣದಂಥ ಸಣ್ಣಪುಟ್ಟದ್ದೆಲ್ಲ ಬರೆದಿತ್ತು. ನಡುನಡುವೆ, ಹೆಚ್ಚುಕಡಿಮೆ ದಿನ ಬಿಟ್ಟು ದಿನ, "ಇತರೆ" ಎಂದು ಒಂದು ಸಾಲು. ವಾರದ ಬಟವಾಡೆ ಆದಾಗ ದುಡ್ಡು ಮೊದಲು ಆ "ಇತರೆ"ಗೆ ಜಮೆಯಾಗಿ, ಅಕ್ಕಿಯ ಬಾಕಿ ಹಾಗೇ ಉಳಿಯುತ್ತಿತ್ತು. ಅವರು ನನ್ನನ್ನು ಕೇಳಿದ್ದು ಒಂದೇ: "ಇದು ಕೋರ್ಟಲ್ಲಿ ನಡೀತದಾ ಸಾರ್?" ನಡೆಯುವುದಿಲ್ಲ. ಪರವಾನಗಿ ಇಲ್ಲದೆ ಮಾರಿದ ಮದ್ಯದ ಬಾಕಿಯನ್ನು ಯಾವ ನ್ಯಾಯಾಲಯವೂ ವಸೂಲು ಮಾಡಿಕೊಡುವುದಿಲ್ಲ. ಆದರೆ ಆ ಅಂಗಡಿಯಾತ ಕೋರ್ಟಿಗೆ ಹೋಗಬೇಕಾದ ಪ್ರಮೇಯವೇ ಇರಲಿಲ್ಲ. ನಾಳೆ ಅಕ್ಕಿ ಕೊಡುವುದಿಲ್ಲ ಎಂದರೆ ಸಾಕಿತ್ತು.

ಕಿರಾಣಿ ಅಂಗಡಿ ಮಾರುವುದು ಇದನ್ನು. ಸಾಲ, ಹತ್ತಿರ, ಹೊತ್ತಲ್ಲದ ಹೊತ್ತು. ಎಂಎಸ್‌ಐಎಲ್ ಮಳಿಗೆ ಸಾಲ ಕೊಡುವುದಿಲ್ಲ, ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುವುದಿಲ್ಲ. ಹೀಗಾಗಿ ಮಳಿಗೆ ಬಂದ ಮೇಲೂ ಕಿರಾಣಿಯವರ ಗಿರಾಕಿ ಹಾಗೇ ಉಳಿಯುತ್ತಾರೆ. ವ್ಯತ್ಯಾಸವೇನೆಂದರೆ ಮೊದಲು ಮೂವತ್ತು ಕಿಲೋಮೀಟರ್ ದೂರದ ಪೇಟೆಯಿಂದ ಬೈಕಿನಲ್ಲಿ ತರುತ್ತಿದ್ದ ಬಾಕ್ಸು ಈಗ ಊರೊಳಗೇ ಸಿಗುತ್ತದೆ. ಕಳ್ಳ ಮಾರಾಟದವರಿಗೆ ಸರಕು ಬರುವುದು ಪರವಾನಗಿ ಇರುವ ಅಂಗಡಿಗಳಿಂದಲೇ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತ ಮೇಲೆ, ಹಳ್ಳಿಯ ಬಡ ಗಿರಾಕಿಗೆ ಉಳಿದದ್ದು ಅಗ್ಗದ ತೊಂಬತ್ತು, ನೂರೆಂಬತ್ತರ ಪ್ಯಾಕೆಟ್ಟೇ. ಅದು ಕಾಡಿನೊಳಗೆ ಬೆಲ್ಲದ ಕೊಳೆ ಇಟ್ಟು ಕಾಯಿಸಿದ್ದಲ್ಲ. ಸರ್ಕಾರದ ಪಾನೀಯ ನಿಗಮದ ಡಿಪೋದಿಂದ ಬಿಲ್ಲಾಗಿ, ಅಬಕಾರಿ ಲೇಬಲ್ ಅಂಟಿಸಿಕೊಂಡು ಬಂದದ್ದು. ಆದ್ದರಿಂದ ಕಿರಾಣಿಯವರನ್ನು ಹಿಡಿದಾಗಲೆಲ್ಲ ಕೇಳಬೇಕಾದ ಪ್ರಶ್ನೆ: ಈ ಬಾಕ್ಸು ನಿನಗೆ ಕೊಟ್ಟವರು ಯಾರು? ಈ ಪ್ರಶ್ನೆ ಪಂಚನಾಮೆಯಲ್ಲಿ ಬರುವುದು ಅಪರೂಪ. ನನ್ನ ಮಟ್ಟಿಗೆ ಇಡೀ ವ್ಯವಹಾರದ ಬೇರು ಇಲ್ಲೇ ಇದೆ.

ಕಳ್ಳ ಮಾರಾಟದ ಕೇಸು ಯಾಕೆ ನಿಲ್ಲುವುದಿಲ್ಲ ಎನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಸಂಘದವರು ನಿಜವಾಗಿ ನೆರವಾಗಬಲ್ಲ ಜಾಗ ಇದು.

ಒಬ್ಬ ವ್ಯಕ್ತಿ ಸ್ವಂತಕ್ಕೆಂದು 2.3 ಲೀಟರ್‌ವರೆಗೆ ದೇಶೀಯ ಮದ್ಯ ಇಟ್ಟುಕೊಳ್ಳಬಹುದು. ತೊಂಬತ್ತು ಮಿಲಿಯ ಇಪ್ಪತ್ತೈದು ಪ್ಯಾಕೆಟ್ ಕೂಡಿಸಿದರೆ 2.25 ಲೀಟರ್. ಅನುಭವಿ ಅಂಗಡಿಯವರು ಗಲ್ಲಾದಲ್ಲಿ ಇಪ್ಪತ್ತೈದಕ್ಕಿಂತ ಹೆಚ್ಚು ಇಡುವುದಿಲ್ಲ. ಮಿಕ್ಕಿದ್ದು ಕೊಟ್ಟಿಗೆಯಲ್ಲೋ, ದರಕಿನ (ಒಣ ಎಲೆಯ) ರಾಶಿಯಲ್ಲೋ, ಪಕ್ಕದ ತೋಟದ ಪಂಪ್‌ಮನೆಯಲ್ಲೋ ಇರುತ್ತದೆ. ಸಿಕ್ಕಿಬಿದ್ದರೆ "ನನ್ನ ಸ್ವಂತಕ್ಕೆ" ಎನ್ನುತ್ತಾರೆ. ಆದರೆ ಪರವಾನಗಿ ಇಲ್ಲದೆ ಒಂದೇ ಪ್ಯಾಕೆಟ್ ಮಾರಿದರೂ ಅಪರಾಧವೇ. ಎಷ್ಟು ಸಿಕ್ಕಿತು ಎನ್ನುವುದಕ್ಕಿಂತ ಮಾರಿದ್ದನ್ನು ಕಂಡವರು ಯಾರು ಎನ್ನುವುದು ಮುಖ್ಯವಾಗುತ್ತದೆ.

ಎರಡನೆಯ ತೊಡಕು ಶೋಧನೆಯದ್ದು. ಅಬಕಾರಿ ಕಾಯ್ದೆಯ 53ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರಿಂದ ವಾರಂಟ್ ಪಡೆದು ಶೋಧಿಸಬೇಕು. ವಾರಂಟ್ ತರುವಷ್ಟರಲ್ಲಿ ಸರಕು ಸಾಗಿಹೋಗುತ್ತದೆ ಎಂದಾದರೆ 54ನೇ ಕಲಂ ಅಡಿ ಹಾಗೇ ಶೋಧಿಸಬಹುದು; ಆದರೆ ಹಾಗೆ ನಂಬಲು ಕಾರಣವೇನು ಎಂದು ಅಧಿಕಾರಿ ಮೊದಲೇ ಬರೆದಿಡಬೇಕು. ಈ ನಾಲ್ಕು ಸಾಲು ಬರೆಯದೆ ಹೋದ ಕಾರಣಕ್ಕೆ ಹೈಕೋರ್ಟಿನಲ್ಲಿ ರದ್ದಾದ ಪ್ರಕರಣಗಳು ಒಂದೆರಡಲ್ಲ. ಇಲ್ಲಿ ನಿಮ್ಮ ಪಾತ್ರ ಬರುತ್ತದೆ. "ಊರಲ್ಲಿ ಕುಡಿತ ಜಾಸ್ತಿಯಾಗಿದೆ, ಕ್ರಮ ಕೈಗೊಳ್ಳಿ" ಎಂದು ಬರೆದ ಅರ್ಜಿ ಅಧಿಕಾರಿಗೆ ಯಾವ ಕೆಲಸಕ್ಕೂ ಬರುವುದಿಲ್ಲ. ಇಂಥ ಅಂಗಡಿ, ಹಿಂಬದಿಯ ಕೋಣೆ, ಬೆಳಿಗ್ಗೆ ಆರರಿಂದ ಏಳು, ವಾರದಲ್ಲಿ ಈ ದಿನ ಬಾಕ್ಸು ಬರುತ್ತದೆ, ಬರುವ ಗಾಡಿ ಇಂಥದ್ದು ಎಂದು ಬರೆದರೆ ಆ ಅರ್ಜಿಯೇ ಅಧಿಕಾರಿ ಬರೆದಿಡಬೇಕಾದ ಕಾರಣವಾಗುತ್ತದೆ. ಒಂದು ನೋಟ್‌ಬುಕ್ ಇಟ್ಟು, ದಿನಾಂಕ ಹೊತ್ತು ಹಾಕಿ, ಕಂಡದ್ದನ್ನು ಕಂಡಹಾಗೆ ಎರಡು ವಾರ ಬರೆಯಿರಿ. ಕಂಡದ್ದಕ್ಕಿಂತ ಒಂದು ಅಕ್ಷರ ಹೆಚ್ಚು ಬರೆಯಬೇಡಿ. ದೂರನ್ನು ತಾಲ್ಲೂಕಿನ ಅಬಕಾರಿ ನಿರೀಕ್ಷಕರಿಗೂ ಪೊಲೀಸ್ ಠಾಣೆಗೂ ಕೊಡಬಹುದು, ಇಬ್ಬರಿಗೂ ಅಧಿಕಾರವಿದೆ. ಅಂಗಡಿ ಮುಂದಿನ ಕಟ್ಟೆಯಲ್ಲಿ ಕೂತು ಕುಡಿಯಲು ಬಿಡುವುದು ಬೇರೆಯೇ ಅಪರಾಧ. ನಮ್ಮ ಜಿಲ್ಲೆಯ ಎಫ್‌ಐಆರ್‌ಗಳಲ್ಲಿ 15(ಎ), 32(3) ಎಂದು ಬರುವುದು ಅದಕ್ಕೇ.

ಮಹಜರು ನಡೆಯುವಾಗ ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ನಿಮ್ಮವರು ನಿಂತರೆ, ಪ್ಯಾಕೆಟ್ಟಿನ ಮೇಲಿರುವ ಬ್ಯಾಚ್ ಸಂಖ್ಯೆ, ತಯಾರಾದ ದಿನಾಂಕ, ಅಬಕಾರಿ ಲೇಬಲ್ಲಿನ ವಿವರ ಎಲ್ಲವನ್ನೂ ಬರೆಸಿ. "ಸುಮಾರು ಇಪ್ಪತ್ತು ಪ್ಯಾಕೆಟ್" ಎಂದು ಬರೆದು ಮುಗಿಸಲು ಬಿಡಬೇಡಿ. ಸರಕು ಎಲ್ಲಿಂದ ಬಂತು ಎಂದು ಹುಡುಕಲು ಆ ಸಂಖ್ಯೆಗಳೇ ದಾರಿ. ಪರವಾನಗಿದಾರ ಒಬ್ಬನೇ ಗಿರಾಕಿಗೆ ಮಿತಿ ಮೀರಿ ಬಾಕ್ಸುಗಟ್ಟಲೆ ಕೊಟ್ಟಿದ್ದರೆ ಅದು ಪರವಾನಗಿಯ ಷರತ್ತಿನ ಉಲ್ಲಂಘನೆ. 29ನೇ ಕಲಂ ಅಡಿ ಪರವಾನಗಿಯನ್ನು ಅಮಾನತು ಮಾಡಬಹುದು, ರದ್ದೂ ಮಾಡಬಹುದು. ಲಕ್ಷಾಂತರ ರೂಪಾಯಿ ಹಾಕಿದ ವ್ಯಾಪಾರ ಅದು. ಒಮ್ಮೆ ಅಲ್ಲಿಗೆ ಬಿಸಿ ತಟ್ಟಿದರೆ ಹತ್ತು ಹಳ್ಳಿಗೆ ಹೋಗುವ ಬೈಕು ನಿಲ್ಲುತ್ತದೆ.

ಅಂಗಡಿಗೆ ನುಗ್ಗಿ ಪ್ಯಾಕೆಟ್ ಒಡೆಯುವುದು, ಬೀಗ ಹಾಕುವುದು ಮಾತ್ರ ಬೇಡ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಹಾಗೆ ಮಾಡಿದ ಸಂಘದ ಹೆಣ್ಣುಮಕ್ಕಳ ಮೇಲೇ ದೂರು ದಾಖಲಾಗಿ, ಅವರು ಕೂಲಿ ಬಿಟ್ಟು ಕೋರ್ಟಿಗೆ ಅಲೆದದ್ದನ್ನು ನೋಡಿದ್ದೇನೆ. ಇನ್ನೊಂದು ಮಾತು: ಆ ಅಂಗಡಿಗಳಲ್ಲಿ ಒಂದನ್ನು ನಡೆಸುವವರು ಗಂಡ ಇಲ್ಲದ ಹೆಂಗಸು ಎಂದು ನೀವೇ ಕಾಗದದ ಕೊನೆಯಲ್ಲಿ ಬರೆದಿದ್ದೀರಿ. ದೂರು ಕೊಡುವ ಮುಂಚೆ ಸಂಘದವರು ನಾಲ್ಕು ಜನ ಅವರ ಮನೆಗೆ ಹೋಗಿ ಮಾತಾಡಿ. ಸಂಘದಿಂದ ಸಾಲ ಕೊಟ್ಟು ತರಕಾರಿಯೋ ಹಾಲಿನ ಪ್ಯಾಕೆಟ್ಟೋ ಇಡಿಸಲು ಆದರೆ ಒಂದು ಅಂಗಡಿ ಕೇಸಿಲ್ಲದೆ ಸರಿಹೋಗಬಹುದು. ಮಕ್ಕಳ ಕೈಯಲ್ಲಿ ಪ್ಯಾಕೆಟ್ ಕೊಟ್ಟು ಕಳಿಸುತ್ತಿದ್ದರೆ ಮಾತ್ರ ಯಾವ ರಿಯಾಯಿತಿಯೂ ಬೇಡ. ಮಗುವಿಗೆ ಮದ್ಯ ಕೊಡುವುದು, ಮಗುವಿನಿಂದ ಮದ್ಯ ಮಾರಿಸುವುದು ಅಥವಾ ಸಾಗಿಸುವುದು ಬಾಲನ್ಯಾಯ ಕಾಯ್ದೆ, 2015ರ 77 ಮತ್ತು 78ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಸಜೆಯಾಗುವ ಅಪರಾಧ. ಪರವಾನಗಿ ಇರುವ ಅಂಗಡಿಯೂ 21 ವರ್ಷ ತುಂಬದವರಿಗೆ ಮಾರುವಂತಿಲ್ಲ. ಅದನ್ನು 18ಕ್ಕೆ ಇಳಿಸಲು 2023ರ ಆರಂಭದಲ್ಲಿ ಹೊರಟ ಕರಡು ಜನರ ವಿರೋಧಕ್ಕೆ ಹಿಂದೆ ಸರಿಯಿತು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಠರಾವು.

ಕರ್ನಾಟಕದ ಅಬಕಾರಿ ಕಾಯ್ದೆ ಗ್ರಾಮ ಸಭೆಯ ಠರಾವಿಗೆ ಪರವಾನಗಿಯನ್ನು ತಡೆಯುವ ಅಧಿಕಾರ ಕೊಟ್ಟಿಲ್ಲ. ಇದನ್ನು ಹೇಳಲು ನನಗೆ ಸಂತೋಷವಿಲ್ಲ. ಮಹಾರಾಷ್ಟ್ರದಲ್ಲಿ 2008ರ ಆದೇಶದಿಂದ ಒಂದು ದಾರಿ ಇದೆ: ಊರಿನ ಶೇ 25ರಷ್ಟು ಮಹಿಳಾ ಮತದಾರರು ಕೇಳಿದರೆ ಗುಪ್ತ ಮತದಾನ ನಡೆಸಬೇಕು, ಅರ್ಧಕ್ಕಿಂತ ಹೆಚ್ಚು ಮತ ಅಂಗಡಿ ಬೇಡವೆಂದು ಬಿದ್ದರೆ ಮುಚ್ಚಬೇಕು. ಮತಪತ್ರದಲ್ಲಿ ನಿಂತ ಬಾಟಲಿ ಮತ್ತು ಮಲಗಿದ ಬಾಟಲಿಯ ಚಿತ್ರವಿರುತ್ತದೆ. ಪರಿಶಿಷ್ಟ ಪ್ರದೇಶಗಳಲ್ಲಿ 1996ರ ಪೆಸಾ ಕಾಯ್ದೆ ಗ್ರಾಮ ಸಭೆಗೆ ಇಂಥ ಅಧಿಕಾರ ಕೊಡುತ್ತದೆ. ಆದರೆ ಕರ್ನಾಟಕದಲ್ಲಿ ಅಂಥ, ಅಂದರೆ ಸಂವಿಧಾನದ ಐದನೇ ಅನುಸೂಚಿಯ, ಪ್ರದೇಶಗಳೇ ಇಲ್ಲ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಬೇಕೆಂದು ನಡೆದೇ ಹೋದರು, ಹೆಚ್ಚಿನವರು ಕೂಲಿ ಮಾಡುವವರು. ನಿಮ್ಮಂಥ ಊರಿನ ಹೆಂಗಸರಿಗೆ ಒಂದು ಮತದ ಹಕ್ಕನ್ನಾದರೂ ನಮ್ಮ ಕಾಯ್ದೆ ಕೊಡಬೇಕಿತ್ತು ಎಂದೇ ನಾನು ನಂಬಿದ್ದೇನೆ.

ಹಾಗಂತ ಠರಾವು ವ್ಯರ್ಥವಲ್ಲ. ನಿಮ್ಮೂರಿಗೆ ಮಳಿಗೆ ಬರಬೇಕೋ ಬೇಡವೋ ಎನ್ನುವುದು ಪಂಚಾಯ್ತಿ ಕಟ್ಟೆಯಲ್ಲಿ ತೀರ್ಮಾನವಾಗುವುದಿಲ್ಲ, ಶಿವಮೊಗ್ಗದ ಒಂದು ಕಡತದಲ್ಲಿ ಆಗುತ್ತದೆ. ತಾಲ್ಲೂಕಿನ ಅಬಕಾರಿ ನಿರೀಕ್ಷಕರು ಸ್ಥಳ ನೋಡಿ ಅಳತೆ ಮಾಡಿ ವರದಿ ಬರೆಯುತ್ತಾರೆ. ಅದು ಅಬಕಾರಿ ಉಪ ಆಯುಕ್ತರ ಕಚೇರಿ ದಾಟಿ ಜಿಲ್ಲಾಧಿಕಾರಿಗಳ ಮುಂದೆ ಹೋಗುತ್ತದೆ. ಆ ಕಡತದೊಳಗೆ ನಿಮ್ಮೂರಿನ ಮಾತು ಕಾಗದದ ರೂಪದಲ್ಲಿ ಇರಬೇಕು, ಆದೇಶ ಆಗುವ ಮುಂಚೆಯೇ ಇರಬೇಕು. ಆದೇಶ ಆಗಿ, ಬಾಡಿಗೆ ಕರಾರಾಗಿ, ಬೋರ್ಡ್ ಏರಿದ ಮೇಲೆ ರಸ್ತೆಯಲ್ಲಿ ಕೂತ ಊರುಗಳನ್ನು ಹೆಚ್ಚು ನೋಡಿದ್ದೇನೆ. ಅಷ್ಟು ಹೊತ್ತಿಗೆ ಕೆಲಸ ಹತ್ತು ಪಟ್ಟು ಕಷ್ಟ.

ಕಡತದಲ್ಲಿ ಎಲ್ಲಕ್ಕಿಂತ ತೂಕದ್ದು ಅಳತೆ. ಅಬಕಾರಿ ಪರವಾನಗಿಗಳ 1967ರ ಸಾಮಾನ್ಯ ಷರತ್ತುಗಳ ನಿಯಮಗಳಲ್ಲಿ 5ನೇ ನಿಯಮ ಹೇಳುವುದು ಇದು: ಶಾಲೆ, ದೇವಸ್ಥಾನ ಮಸೀದಿ ಚರ್ಚು, ಆಸ್ಪತ್ರೆ, ಸರ್ಕಾರಿ ಅಥವಾ ಸ್ಥಳೀಯ ಸಂಸ್ಥೆಯ ಕಚೇರಿ ಇವುಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿ ವಾಸಿಸುವ ಕೇರಿಯಲ್ಲೂ ಇರಬಾರದು. ನೀವು ಬರೆದ "ಶಾಲೆ ಹತ್ತಿರವೇ ಇದೆ" ಎನ್ನುವ ಮಾತಿಗೆ ಬೆಲೆ ಬರುವುದು ಅದು ಎಷ್ಟು ಮೀಟರ್ ಎಂದಾಗ. ಅಳೆಯುವುದು ಹಕ್ಕಿ ಹಾರುವ ದಾರಿಯಲ್ಲಲ್ಲ. ಅಂಗಡಿಯ ಬಾಗಿಲಿನ ನಡುವಿನಿಂದ, ಜನ ಸಾಮಾನ್ಯವಾಗಿ ನಡೆದು ಹೋಗುವ ಹತ್ತಿರದ ದಾರಿ ಹಿಡಿದು. ಮಲೆನಾಡಿನಲ್ಲಿ ಇಡೀ ತಂಟೆ ಇಲ್ಲೇ. ಟಾರು ರಸ್ತೆ ಗುಡ್ಡ ಸುತ್ತಿ ಬಂದರೆ 160 ಮೀಟರ್ ಆಗಬಹುದು, ಮಕ್ಕಳು ದಿನಾ ಶಾಲೆಗೆ ಹೋಗುವ ಕಾಲುದಾರಿಯಲ್ಲಿ, ಹಳ್ಳದ ಸಂಕ (ಕಾಲುಸೇತುವೆ) ದಾಟಿ ಹೋದರೆ 85 ಮೀಟರ್. ವರದಿಯಲ್ಲಿ ರಸ್ತೆಯ ಅಳತೆ ಮಾತ್ರ ಬರೆದಿದ್ದರೆ ಅದನ್ನು ಪ್ರಶ್ನಿಸಲು ಆಧಾರವಿದೆ. ಆ ಕಾಲುಸಂಕ ಪಂಚಾಯ್ತಿ ದುಡ್ಡಿನಲ್ಲಿ ಕಟ್ಟಿದ್ದಾದರೆ ಅದರ ದಾಖಲೆ ಪಿಡಿಒ ಹತ್ತಿರ ಇರುತ್ತದೆ, ನಕಲು ತೆಗೆಸಿ. ಜನ ಓಡಾಡುವ ದಾರಿ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ದೇವಸ್ಥಾನವಾದರೆ ಮುಜರಾಯಿ ದಾಖಲೆ ಇದೆಯೇ ನೋಡಿ. ಚೌಡಿ ಬನ, ಭೂತನ ಕಟ್ಟೆಯನ್ನು ನಾವು ಎಷ್ಟೇ ಭಕ್ತಿಯಿಂದ ನಡೆದುಕೊಂಡರೂ ಕಾಗದವಿಲ್ಲದಿದ್ದರೆ ಕಡತದಲ್ಲಿ ಜಗ್ಗಾಟವಾಗುತ್ತದೆ, ಶಾಲೆಯನ್ನೇ ಮುಂದಿಡಿ.

ನಿಮ್ಮೂರು ಹೆದ್ದಾರಿ ಪಕ್ಕದಲ್ಲಿದ್ದರೆ ಇನ್ನೊಂದು ಅಳತೆಯೂ ಬರುತ್ತದೆ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳ 500 ಮೀಟರ್ ಒಳಗೆ ಮದ್ಯದಂಗಡಿ ಬೇಡವೆಂದಿತು. 2017ರ ಮಾರ್ಚ್ 31ರಂದು, 20,000ಕ್ಕಿಂತ ಹೆಚ್ಚು ಜನಸಂಖ್ಯೆ ಇಲ್ಲದ ಸ್ಥಳೀಯ ಸಂಸ್ಥೆಗಳಲ್ಲಿ ಅದನ್ನು 220 ಮೀಟರಿಗೆ ಇಳಿಸಿತು. 2018ರ ಫೆಬ್ರುವರಿಯಲ್ಲಿ ಗ್ರಾಮ ಪಂಚಾಯ್ತಿ ಪ್ರದೇಶಗಳ ಮಟ್ಟಿಗೆ ತೀರ್ಮಾನವನ್ನು ರಾಜ್ಯಕ್ಕೇ ಬಿಟ್ಟಿತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹೊಳೆ ಇರುವ ನಮ್ಮ ಊರುಗಳು ರಸ್ತೆ ಗುಂಟ ಉದ್ದಕ್ಕೆ ಬೆಳೆದವು. ಹೆದ್ದಾರಿ ಬಿಟ್ಟು ಸರಿದ ಅಂಗಡಿ ಸೀದಾ ಮನೆಗಳ ನಡುವೆ ಬಂದು ಕೂರುತ್ತದೆ. ಅಪಘಾತ ತಪ್ಪಿಸಲು ಮಾಡಿದ ನಿಯಮದ ಈ ಪರಿಣಾಮವನ್ನೂ ಆಕ್ಷೇಪಣೆಯಲ್ಲಿ ಬರೆಯಬಹುದು.

ಈಗ ಮಾಡಬೇಕಾದ್ದು. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ, ಶಿವಮೊಗ್ಗದ ಅಬಕಾರಿ ಉಪ ಆಯುಕ್ತರ ಕಚೇರಿಗೆ ಅರ್ಜಿ ಹಾಕಿ: ನಿಮ್ಮ ಗ್ರಾಮಕ್ಕೆ ಸಂಬಂಧಿಸಿದ ಸಿಎಲ್-11ಸಿ ಪ್ರಸ್ತಾವ, ಕಟ್ಟಡದ ನೀಲನಕ್ಷೆ, ಅಳತೆಯ ಮಹಜರು ಇವುಗಳ ನಕಲು ಬೇಕೆಂದು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಕಿರಾಣಿ ಅಂಗಡಿಯ ದೂರನ್ನು ಇದರಲ್ಲಿ ಸೇರಿಸಬೇಡಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು, ಆದರೆ ಅದಕ್ಕೆ ಕಾಯುತ್ತಾ ಕೂರಬೇಡಿ. ಅದೇ ವಾರ ಜಿಲ್ಲಾಧಿಕಾರಿಗಳಿಗೆ ಆಕ್ಷೇಪಣೆ ಕೊಟ್ಟು, ಉಪ ಆಯುಕ್ತರಿಗೂ ತಹಶೀಲ್ದಾರರಿಗೂ ಪ್ರತಿ ಹಾಕಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಠರಾವಿನ ನಕಲು, ಶಾಲೆಯ ಮುಖ್ಯೋಪಾಧ್ಯಾಯರ ಪತ್ರ, ಭೂಮಾಪಕರಿಂದ ಮಾಡಿಸಿದ ಅಳತೆಯ ನಕ್ಷೆ ಜೊತೆಗಿರಲಿ. ಠರಾವಿನಲ್ಲಿ ಬರೀ "ವಿರೋಧಿಸುತ್ತೇವೆ" ಎಂದಿರುವುದು ಬೇಡ. ಮಕ್ಕಳು ಯಾವ ದಾರಿಯಲ್ಲಿ ಓಡಾಡುತ್ತಾರೆ, ಬಸ್ಸಿಗೆ ಕಾಯುವ ಜಾಗ ಯಾವುದು, ಸಂಜೆ ಹೈನು ಡೈರಿಗೆ ಹೆಂಗಸರು ಹೋಗುವ ರಸ್ತೆ ಯಾವುದು ಎಂದು ಬರೆಸಿ. ಕಾರಣವಿರುವ ಆಕ್ಷೇಪಣೆಗೆ ಕಾರಣ ಕೊಟ್ಟೇ ಉತ್ತರಿಸಬೇಕಾಗುತ್ತದೆ. ಉತ್ತರಿಸದೆ ಪರವಾನಗಿ ಕೊಟ್ಟರೆ ಅಬಕಾರಿ ಕಾಯ್ದೆಯ 61ನೇ ಕಲಂ ಅಡಿ ಅಬಕಾರಿ ಆಯುಕ್ತರಿಗೆ ಮೇಲ್ಮನವಿ, ಅಲ್ಲಿಂದ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿ, ಬೇಕಾದರೆ ಬೆಂಗಳೂರಿನ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಆಗ ನಿಮ್ಮ ಕೈಯಲ್ಲಿರುವ ಮೊಹರಿನ ಪ್ರತಿಯೇ ಆಧಾರ. ಪರವಾನಗಿಯ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಮಳಿಗೆ ಬಂದುಬಿಟ್ಟಿದ್ದರೂ ನವೀಕರಣದ ಮುಂಚೆ, ಮೇ ತಿಂಗಳಲ್ಲೇ, ಹೊಸ ಆಕ್ಷೇಪಣೆ ಹಾಕಬಹುದು.

ಕಡತಕ್ಕಿಂತ ಹತ್ತಿರದ ಇನ್ನೊಂದು ಬಾಗಿಲಿದೆ. ಎಂಎಸ್‌ಐಎಲ್ ಮಳಿಗೆ ಬರುವುದು ಬಾಡಿಗೆ ಕಟ್ಟಡಕ್ಕೆ. ಆ ಕಟ್ಟಡದ ಯಜಮಾನರು ನಿಮ್ಮೂರಿನವರೇ, ಅವರ ಮನೆಯ ಮದುವೆಗೆ ನೀವು ಹೋಗಿದ್ದೀರಿ, ಅವರ ಮೊಮ್ಮಕ್ಕಳೂ ಅದೇ ಶಾಲೆಯ ದಾರಿಯಲ್ಲಿ ನಡೆಯುತ್ತಾರೆ. ಕಟ್ಟಡ ಪಂಚಾಯ್ತಿಯದ್ದೇ ಆಗಿದ್ದರೆ ಬಾಡಿಗೆಗೆ ಕೊಡುವುದಿಲ್ಲ ಎಂದು ಠರಾವು ಮಾಡಲು ಯಾರ ಅಪ್ಪಣೆಯೂ ಬೇಡ. ಖಾಸಗಿಯವರದ್ದಾದರೆ ಹಿರಿಯರನ್ನು ಕರೆದುಕೊಂಡು ಹೋಗಿ ಕೂತು ಮಾತಾಡಿ, ಅಡಿಕೆ ಕೊಯ್ಲು ಶುರುವಾಗುವುದಕ್ಕೆ ಮೊದಲೇ. ಕೊಯ್ಲಿನ ಬಟವಾಡೆ ಕೈಗೆ ಬರುವ ಹೊತ್ತಿಗೇ ಮಳಿಗೆ ತೆರೆಯಬೇಕೆಂಬ ಅವಸರ ಎಲ್ಲರಿಗೂ ಇರುತ್ತದೆ.

ಅಳತೆಗೆ ನಿರೀಕ್ಷಕರು ಬರುವ ದಿನ ಗೊತ್ತಾದರೆ ಸಂಘದಿಂದ ಇಬ್ಬರು ಅಲ್ಲಿರಿ. ಟೇಪು ಕಾಲುದಾರಿಯ ಮೇಲೂ ಓಡಲಿ ಎಂದು ಕೇಳಿ, ಬಂದ ಅಳತೆಯನ್ನು ಮಹಜರಿನಲ್ಲಿ ಬರೆಸಿ, ಓದಿ ನೋಡಿ ಸಹಿ ಹಾಕಿ.